ಯುವಜನರ ಬಾಳಿನಲ್ಲಿ ಭರವಸೆ



ಪರೀಕ್ಷೆಯ ಫಲಿತಾಂಶ ಬರುವ ಹಿಂದಿನ ರಾತ್ರಿ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ? ಆಸೆ ಇರುತ್ತದೆ, ಆಸೆಯ ಬೆನ್ನಿಗೇ ಅಂಜಿಕೆಯೂ ಇರುತ್ತದೆ. ಇಷ್ಟು ಅಂಕ ಬಂದರೆ ಈ ಕಾಲೇಜು, ಅಷ್ಟು ಬಂದರೆ ಆ ಕಾಲೇಜು ಎಂಬ ಲೆಕ್ಕಾಚಾರ ನಡೆದಿರುತ್ತದೆ. ಲೆಕ್ಕ ತಪ್ಪಿದರೆ ಮುಂದೇನು ಎಂಬ ಪ್ರಶ್ನೆಯನ್ನು ಮಾತ್ರ ನಾವು ಮನಸ್ಸಿನ ಒಂದು ಮೂಲೆಗೆ ತಳ್ಳಿರುತ್ತೇವೆ. ಇಂದು ನಾನು ನಿಮ್ಮೊಡನೆ ಆ ಮೂಲೆಯ ಪ್ರಶ್ನೆಯನ್ನು ಕುರಿತೇ ಮಾತನಾಡಬೇಕೆಂದಿದ್ದೇನೆ.

ನಮ್ಮ ಕನ್ನಡದಲ್ಲಿ ಆಸೆ ಎಂಬ ಮಾತಿದೆ, ಭರವಸೆ ಎಂಬ ಮಾತೂ ಇದೆ. ಎರಡನ್ನೂ ನಾವು ಒಂದೇ ಎಂಬಂತೆ ಬಳಸಿಬಿಡುತ್ತೇವೆ. ಸ್ವಲ್ಪ ನಿಂತು ನೋಡಿ. ಆಸೆಯನ್ನು ಒಬ್ಬರೇ ಕುಳಿತು ಪಡಬಹುದು. ಅದಕ್ಕೆ ಯಾರ ನೆರವೂ ಬೇಕಿಲ್ಲ. ಭರವಸೆ ಹಾಗಲ್ಲ. 'ಅವರು ಭರವಸೆ ಕೊಟ್ಟರು' ಎನ್ನುತ್ತೇವೆ, 'ನಿನ್ನ ಮೇಲೆ ನನಗೆ ಭರವಸೆಯಿದೆ' ಎನ್ನುತ್ತೇವೆ. ಅಂದರೆ ಕೊಡುವವರೊಬ್ಬರು ಇರಬೇಕು, ಪಡೆಯುವವರೊಬ್ಬರು ಇರಬೇಕು. ಆಸೆ ವಸ್ತುವಿನ ಮೇಲೆ ಕಣ್ಣಿಟ್ಟರೆ, ಭರವಸೆ ವ್ಯಕ್ತಿಯ ಮೇಲೆ ಭಾರ ಹಾಕುತ್ತದೆ.

ಕಥೋಲಿಕ ಧರ್ಮಸಭೆ ಭರವಸೆಯನ್ನು ಈ ಎರಡನೆಯ ಅರ್ಥದಲ್ಲಿಯೇ ತಿಳಿಯುತ್ತದೆ. ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ಸದ್ಗುಣಗಳನ್ನು ಅದು ಒಟ್ಟಿಗೆ ಹೇಳುತ್ತದೆ. 'ನಾನು ನಿನ್ನನ್ನು ಕೈಬಿಡುವುದಿಲ್ಲ' ಎಂಬ ದೇವರ ವಚನವನ್ನು ನೆಚ್ಚಿ ನಡೆಯುವುದೇ ಅಲ್ಲಿ ಭರವಸೆ. ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ ಎಂಬ ಆಶ್ವಾಸನೆ ಅದರಲ್ಲಿಲ್ಲ. ಯಾವ ಚರ್ಚಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಶಿಲುಬೆ. ಲೋಕದ ಕಣ್ಣಿನಲ್ಲಿ ಸೋತುಹೋದ, ಗೆಳೆಯರೂ ಬಿಟ್ಟು ಓಡಿಹೋದ ಒಬ್ಬ ಮನುಷ್ಯನ ರೂಪ ಅದು. ಆ ಸೋಲು ಕಥೆಯ ಕೊನೆಯಲ್ಲ, ಮೂರನೆಯ ದಿನ ಆತ ಪುನರುತ್ಥಾನ ಹೊಂದಿದ ಎಂಬುದು ಕ್ರೈಸ್ತರ ನಂಬಿಕೆ.

ಇದೆಲ್ಲ ಧರ್ಮಗ್ರಂಥದ ಮಾತಾಯಿತು. ಹಾಸ್ಟೆಲಿನಲ್ಲಿರುವ ನನಗೆ, ಬಸ್ಸಿಗೆ ಕಾಯುವ ನನಗೆ ಇದರಿಂದ ಏನು ಎಂದು ನೀವು ಕೇಳಬಹುದು. ಕೇಳಲೇಬೇಕು. ಅದಕ್ಕೆ ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿಯಾಗಿದ್ದವನ ಕಥೆಯನ್ನು ಹೇಳುತ್ತೇನೆ.

ಪಿಯೆರ್ ಜಾರ್ಜಿಯೊ ಫ್ರಸ್ಸಾತಿ ಹುಟ್ಟಿದ್ದು 1901ರ ಏಪ್ರಿಲ್ 6ರಂದು, ಇಟಲಿಯ ಟ್ಯೂರಿನ್ ನಗರದಲ್ಲಿ. ತಂದೆ 'ಲಾ ಸ್ಟಾಂಪಾ' ಎಂಬ ಹೆಸರಾಂತ ದಿನಪತ್ರಿಕೆಯ ಒಡೆಯ. ಮುಂದೆ ಜರ್ಮನಿಯಲ್ಲಿ ಇಟಲಿಯ ರಾಯಭಾರಿಯೂ ಆದವರು. ತಾಯಿ ಚಿತ್ರ ಕಲಾವಿದೆ. ಹಣಕ್ಕೆ ಕೊರತೆಯಿರಲಿಲ್ಲ, ಹೆಸರಿಗೂ ಕೊರತೆಯಿರಲಿಲ್ಲ. ಆದರೆ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ತಂದೆತಾಯಿಯರ ನಡುವೆ ಮಾತು ಮುರಿದಿತ್ತು. ಬೇರೆಯಾಗುವ ಹಂತದಲ್ಲಿ ಅವರ ಸಂಸಾರ ನಿಂತಿತ್ತು. ತಂದೆಗೆ ದೇವರಲ್ಲಿ ನಂಬಿಕೆಯೂ ಇರಲಿಲ್ಲ.

ಹುಡುಗ ಓದಿನಲ್ಲಿ ಮುಂದಿದ್ದವನಲ್ಲ. ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣನಾಗಿ ಶಾಲೆಯನ್ನೇ ಬದಲಿಸಬೇಕಾಯಿತು. ಹೊಸದಾಗಿ ಸೇರಿದ್ದು ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಶಾಲೆ. ಅಲ್ಲಿ ಆತ ಪ್ರತಿದಿನ ಬಲಿಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸುವ ಅಭ್ಯಾಸ ಮಾಡಿಕೊಂಡ. ಕೊನೆಯವರೆಗೂ ಆ ಅಭ್ಯಾಸ ಬಿಡಲಿಲ್ಲ. ನಾಪಾಸಾದದ್ದರಿಂದ ತೆರೆದ ಬಾಗಿಲು ಅದು. ಆದರೆ ಎಲ್ಲ ಸೋಲುಗಳಿಗೂ ಇಂಥ ಫಲ ಕೂಡಲೇ ಕಾಣಿಸುತ್ತದೆ ಎಂದು ನಾನು ಹೇಳಲಾರೆ. ಆತನ ಬದುಕಿನಲ್ಲಿಯೇ ಕಾಣಿಸಲಿಲ್ಲ.

ನೋಡಿ. 1918ರಲ್ಲಿ ಟ್ಯೂರಿನ್ನಿನ ಪಾಲಿಟೆಕ್ನಿಕ್‌ನಲ್ಲಿ ಗಣಿ ಎಂಜಿನಿಯರಿಂಗ್ ಸೇರಿದ. ಗಣಿ ಕಾರ್ಮಿಕರ ಬಾಳು ಬಹಳ ಕಷ್ಟದ್ದು, ಅವರ ನಡುವೆ ಇದ್ದು ದುಡಿಯಬೇಕು ಎಂಬುದೇ ಆ ವಿಷಯವನ್ನು ಆರಿಸಿಕೊಳ್ಳಲು ಕಾರಣ. ಏಳು ವರ್ಷ ಓದಿದ. ಪದವಿ ಕೈಗೆ ಬರಲಿಲ್ಲ. ಈ ನಡುವೆ ಒಬ್ಬ ಹುಡುಗಿಯನ್ನು ಮನಸಾರೆ ಮೆಚ್ಚಿದ. ಮನೆಯವರು ಒಪ್ಪಲಾರರು, ಈಗಲೇ ಬಿರುಕು ಬಿಟ್ಟಿರುವ ಮನೆ ಇದರಿಂದ ಇನ್ನಷ್ಟು ಒಡೆದೀತು ಎಂದು ಅವಳಿಗೆ ಆ ಮಾತನ್ನು ತಿಳಿಸಲೇ ಇಲ್ಲ. 1925ರ ಆರಂಭದಲ್ಲಿ ಅಕ್ಕರೆಯ ತಂಗಿ ಮದುವೆಯಾಗಿ ಹೊರದೇಶಕ್ಕೆ ಹೊರಟುಹೋದಳು. ಅದೇ ವರ್ಷದ ಬೇಸಿಗೆಯಲ್ಲಿ, ಮಗ ತನ್ನ ಪತ್ರಿಕೆಯ ಕಚೇರಿಯಲ್ಲಿಯೇ ಕೆಲಸಕ್ಕೆ ಸೇರಬೇಕೆಂಬ ಇಚ್ಛೆಯನ್ನು ತಂದೆ ಮತ್ತೊಬ್ಬರ ಮೂಲಕ ಹೇಳಿಕಳುಹಿಸಿದರು. ತಂದೆಗೆ ಸಂತೋಷವಾಗುವುದಾದರೆ ಆಗಲಿ ಎಂದು ಆತ ಒಪ್ಪಿಕೊಂಡ. ಗಣಿಯ ಕನಸು ಅಲ್ಲಿಗೆ ಮುಗಿಯಿತು. ಒಬ್ಬ ತರುಣ ಪಡಬಹುದಾದ ಆಸೆಗಳಲ್ಲಿ ಒಂದೊಂದನ್ನೇ ಲೆಕ್ಕ ಹಾಕಿದರೆ ಆತನಿಗೆ ದಕ್ಕಿದ್ದು ಬಹಳ ಕಡಿಮೆ.

ಹಾಗಾದರೆ ಸದಾ ಸಪ್ಪೆ ಮೋರೆ ಹಾಕಿಕೊಂಡು ಜಪಸರ ಎಣಿಸುತ್ತಿದ್ದವನೇ? ಖಂಡಿತ ಅಲ್ಲ. ಸಂತರ ಚರಿತ್ರೆ ಬರೆಯುವವರು ಎಷ್ಟೋ ಸಲ ಅವರನ್ನು ಮೇಣದ ಬೊಂಬೆಗಳನ್ನಾಗಿ ಮಾಡಿಬಿಡುತ್ತಾರೆ. ಅಂಥ ಪುಸ್ತಕಗಳು ನನಗೆ ಹಿಡಿಸುವುದಿಲ್ಲ. ಫ್ರಸ್ಸಾತಿಯದು ಗಟ್ಟಿ ಗಂಟಲು, ಶ್ರುತಿಗೆ ಮಾತ್ರ ಹೊಂದುತ್ತಿರಲಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಪೈಪು ಸೇದುತ್ತಿದ್ದ, ಗೆಳೆಯರನ್ನು ಕೀಟಲೆ ಮಾಡುತ್ತಿದ್ದ. 1924ರಲ್ಲಿ ಗೆಳೆಯ ಗೆಳತಿಯರನ್ನು ಸೇರಿಸಿ ಒಂದು ಕೂಟ ಕಟ್ಟಿದ. ಅದಕ್ಕಿಟ್ಟ ಹೆಸರನ್ನು ಕನ್ನಡದಲ್ಲಿ 'ಪೋಕರಿಗಳ ಸಂಘ' ಎನ್ನಬಹುದು. ಆಲ್ಪ್ಸ್ ಪರ್ವತಗಳನ್ನು ಹತ್ತುವುದೆಂದರೆ ಆತನಿಗೆ ಪ್ರಾಣ. ತಾನು ಬಂಡೆ ಏರುತ್ತಿರುವ ಒಂದು ಚಿತ್ರದ ಮೇಲೆ 'ಎತ್ತರದ ಕಡೆಗೆ' ಎಂಬ ಅರ್ಥದ ಎರಡು ಪದಗಳನ್ನು ಬರೆದಿದ್ದಾನೆ. ಅದು ಸಾಯುವುದಕ್ಕೆ ಒಂದು ತಿಂಗಳ ಹಿಂದಿನ ಮಾತು.

ಈ ಉಲ್ಲಾಸ ಎಲ್ಲಿಂದ ಬಂತು? ಆಸೆಗಳು ಕೈಗೂಡಿದ್ದರಿಂದ ಬಂದದ್ದಲ್ಲ ಎಂದು ಆಗಲೇ ನೋಡಿದೆವು. ಬೆಳಗಿನ ಪೂಜೆ ಒಂದು ಮೂಲ. ಇನ್ನೊಂದನ್ನು ಮನೆಯವರೂ ಸರಿಯಾಗಿ ಅರಿತಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಆತ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಎಂಬ ಸೇವಾ ಸಂಸ್ಥೆಯನ್ನು ಸೇರಿದ್ದ.

ಈ ಸಭೆಯ ಹುಟ್ಟನ್ನು ನೀವು ತಿಳಿಯಬೇಕು, ಏಕೆಂದರೆ ಅದನ್ನು ಕಟ್ಟಿದವರೂ ವಿದ್ಯಾರ್ಥಿಗಳೇ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಇದ್ದ. ಹಿಂದಿನ ವರ್ಷವಷ್ಟೇ ಕಾಲರಾ ಆ ನಗರವನ್ನು ನಡುಗಿಸಿತ್ತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಆತ ತನ್ನ ಧರ್ಮದ ಹಿರಿಮೆಯನ್ನು ವಾದಿಸುತ್ತಿದ್ದಾಗ, ಹಿಂದೆ ಮಾಡಿದ್ದಿರಲಿ, ಈಗ ಬಡವರಿಗೆ ನೀವು ಏನು ಮಾಡುತ್ತಿದ್ದೀರಿ ಎಂದು ಎದುರು ಪಕ್ಷದವರು ಕೇಳಿದರು. ನ್ಯಾಯವಾದ ಪ್ರಶ್ನೆ. ವಾದದಿಂದ ಉತ್ತರ ಕೊಡಲು ಬರುವಂಥದ್ದಲ್ಲ. ಓಝಾನಾಂ ಮತ್ತು ಕೆಲವು ಗೆಳೆಯರು ಬಡವರ ಕೇರಿಗಳಿಗೆ ಹೊರಟರು. ಆ ಕೇರಿಗಳನ್ನು ಚೆನ್ನಾಗಿ ಬಲ್ಲ ರೊಸಾಲಿ ರಾಂದ್ಯು ಎಂಬ ಸನ್ಯಾಸಿನಿ ಅವರಿಗೆ ದಾರಿ ತೋರಿಸಿದರು. ಮುಂದೆ ಓಝಾನಾಂ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. 1853ರಲ್ಲಿ ನಲವತ್ತನೆಯ ವಯಸ್ಸಿಗೆ ತೀರಿಕೊಂಡ. ಆತನ ಸಭೆ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ನಮ್ಮ ಬೆಂಗಳೂರು ಮಂಗಳೂರುಗಳ ಚರ್ಚುಗಳಲ್ಲಿಯೂ ಅದರ ಘಟಕಗಳಿವೆ.

ಈ ಸಭೆಯ ಕಾರ್ಯಕ್ರಮ ಬಹಳ ಸರಳ. ವೇದಿಕೆಯಿಲ್ಲ, ಮೆರವಣಿಗೆಯಿಲ್ಲ. ಕಷ್ಟದಲ್ಲಿರುವವರನ್ನು ನಮ್ಮ ಬಾಗಿಲಿಗೆ ಕರೆಸಿ ಸಾಲಿನಲ್ಲಿ ನಿಲ್ಲಿಸುವ ಬದಲು, ಸದಸ್ಯರು ಜೊತೆಗೂಡಿ ಅವರ ಮನೆಗೆ ಹೋಗಬೇಕು. ಹೋಗಿ ಕೂರಬೇಕು. ಅವರು ಹೇಳುವುದನ್ನು ಕೇಳಬೇಕು. ಮುಂದಿನ ವಾರ ಮತ್ತೆ ಹೋಗಬೇಕು. ಭರವಸೆಯ ಗುಟ್ಟು ಇರುವುದು ಈ 'ಮತ್ತೆ' ಎಂಬಲ್ಲಿ. ಹಸಿದವನಿಗೆ ಒಂದು ದಿನದ ಅನ್ನವನ್ನು ಯಾರಾದರೂ ಹಾಕಬಹುದು. ಬರುವ ವಾರವೂ ಒಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂಬ ನೆಚ್ಚಿಕೆ ಅನ್ನದಷ್ಟೇ ದೊಡ್ಡದು. ಹಾಗೆ ಹೋಗುವವನಿಗೂ ಏನೋ ಸಿಗುತ್ತದೆ. ತನ್ನ ನೋವಿನ ಸುತ್ತಲೇ ಗಾಣದೆತ್ತಿನಂತೆ ಸುತ್ತುವುದು ತಪ್ಪುತ್ತದೆ.

ಫ್ರಸ್ಸಾತಿ ಏಳು ವರ್ಷ ಈ ಕೆಲಸ ಮಾಡಿದ. ಔಷಧಿ, ಬಟ್ಟೆ, ದಿನಸಿ ಹೊತ್ತುಕೊಂಡು ಕತ್ತಲೆಯ ಓಣಿಗಳ ಮೆಟ್ಟಿಲು ಹತ್ತುತ್ತಿದ್ದ. ಟ್ರಾಮಿನ ಕಾಸನ್ನೂ ಕೊಟ್ಟುಬಿಟ್ಟು ಊಟದ ಹೊತ್ತಿಗೆ ಮನೆ ಸೇರಲು ಓಡಿಬರುತ್ತಿದ್ದ. ಶ್ರೀಮಂತರ ಮಗ ರೈಲಿನಲ್ಲಿ ಮೂರನೆಯ ದರ್ಜೆಯಲ್ಲಿ ಏಕೆ ಹೋಗುತ್ತೀಯೆ ಎಂದು ಕೇಳಿದರೆ, ನಾಲ್ಕನೆಯ ದರ್ಜೆ ಇಲ್ಲವಲ್ಲ ಎನ್ನುತ್ತಿದ್ದನಂತೆ. ಮನೆಯಲ್ಲಿ ಮಾತ್ರ ಆತನಿಗೆ ಅಷ್ಟೇನೂ ಬುದ್ಧಿಯಿಲ್ಲದ, ಹೊತ್ತಿಗೆ ಸರಿಯಾಗಿ ಬಾರದ ಹುಡುಗನೆಂಬ ಹೆಸರು.

ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರು ಕಥೋಲಿಕರಲ್ಲದಿರಬಹುದು. ಯಾರೂ ಧರ್ಮ ಬದಲಿಸಬೇಕೆಂದು ನಾನು ಈ ಮಾತು ಆಡುತ್ತಿಲ್ಲ. ಪಕ್ಕದ ಬೆಂಚಿನ ಗೆಳೆಯನೋ ಗೆಳತಿಯೋ ಭಾನುವಾರ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ, ಏನನ್ನು ಪಡೆದು ಬರುತ್ತಾರೆ ಎಂದು ತಿಳಿಯುವುದು ಒಳ್ಳೆಯದಲ್ಲವೇ? ಅವರ ಸಂಪ್ರದಾಯದಲ್ಲಿ ಪಾಪನಿವೇದನೆ ಎಂಬುದೊಂದಿದೆ. ತಪ್ಪು ಮಾಡಿದವರು ಗುರುಗಳ ಬಳಿ ಹೋಗಿ ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಗುರುಗಳು ದೇವರ ಹೆಸರಿನಲ್ಲಿ ಕ್ಷಮೆ ನೀಡಿ ಕಳುಹಿಸುತ್ತಾರೆ. ಕೇಳಿದ್ದನ್ನು ಅವರು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಇದನ್ನು ಹೊರಗಿನಿಂದ ನೋಡಿದವರು ವಿಚಿತ್ರವೆನ್ನಬಹುದು. ಆದರೆ ಹದಿನೆಂಟರ ವಯಸ್ಸಿನಲ್ಲಿ ಒಂದು ತಪ್ಪು ಮಾಡಿ, ನನ್ನ ಬಾಳು ಇಲ್ಲಿಗೆ ಮುಗಿಯಿತು ಎಂದು ಕುಳಿತಿರುವವನಿಗೆ, 'ಮುಗಿದಿಲ್ಲ, ಎದ್ದು ಹೋಗು' ಎಂದು ಒಂದು ಮನುಷ್ಯ ದನಿ ಹೇಳುವುದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮನಸ್ಸಿಗೂ ದೇಹದಂತೆ ಕಾಯಿಲೆ ಬರುತ್ತದೆ. ನಿದ್ದೆ ಹಾರಿಹೋಗಿ, ಊಟ ಸೇರದೆ, ಬದುಕೇ ಬೇಡವೆನಿಸಿದಾಗ ಪ್ರಾರ್ಥನೆ ಸಾಕು, ವೈದ್ಯರು ಬೇಡ ಎನ್ನುವುದು ಭಕ್ತಿಯಲ್ಲ, ಅವಿವೇಕ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವಂತೆಯೇ ಆಗಲೂ ಹೋಗಬೇಕು. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯವರು ಹಗಲೂ ರಾತ್ರಿಯೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ನಿಮಗಾಗಿ ಅಲ್ಲದಿದ್ದರೂ ಗೆಳೆಯರಿಗಾಗಿ ಬರೆದಿಟ್ಟುಕೊಳ್ಳಿ.

ಕಥೋಲಿಕ ಧರ್ಮಸಭೆ 2025ನ್ನು ಜೂಬಿಲಿ ವರ್ಷವಾಗಿ ಆಚರಿಸಿತು. ಅದನ್ನು ಆರಂಭಿಸಿದ ಪೋಪ್ ಫ್ರಾನ್ಸಿಸ್ ಅವರು ಆರಿಸಿದ ಧ್ಯೇಯ 'ಭರವಸೆಯ ಯಾತ್ರಿಕರು' ಎಂಬುದಾಗಿತ್ತು. ಅವರು ಆ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ಬೇಸಿಗೆಯಲ್ಲಿ ರೋಮಿನಲ್ಲಿ ಯುವಜನರು ಲಕ್ಷ ಲಕ್ಷ ಸಂಖ್ಯೆಯಲ್ಲಿ ನೆರೆದಾಗ ಟ್ಯೂರಿನ್ನಿನಿಂದ ಫ್ರಸ್ಸಾತಿಯ ಪಾರ್ಥಿವ ಅವಶೇಷಗಳನ್ನು ಅಲ್ಲಿಗೆ ತರಲಾಗಿತ್ತು. ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಆತನನ್ನು ಸಂತನೆಂದು ಘೋಷಿಸಿದರು. ಪರೀಕ್ಷೆ ಮುಗಿಸದ ಒಬ್ಬ ವಿದ್ಯಾರ್ಥಿಗೆ ಸತ್ತ ನೂರು ವರ್ಷಗಳ ಬಳಿಕ ಸಂದ ಗೌರವ ಇದು.

ಇನ್ನು ಆತನ ಕೊನೆಯ ದಿನಗಳ ವಿಚಾರ. 1925ರ ಜೂನ್ ಕೊನೆಯಲ್ಲಿ ಆತನಿಗೆ ತಲೆನೋವು, ಮೈಕೈ ನೋವು ಶುರುವಾಯಿತು. ಆಗ ಅಜ್ಜಿ ಮರಣಶಯ್ಯೆಯಲ್ಲಿದ್ದರು. ಮನೆಯವರೆಲ್ಲರ ಗಮನ ಅವರ ಕಡೆಗೆ. ಗಟ್ಟಿಮುಟ್ಟಾದ ಹುಡುಗನ ನೋವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಆತನೂ ಹೇಳಿಕೊಳ್ಳಲಿಲ್ಲ. ಅದು ಪೋಲಿಯೊ. ಬಡವರ ಮನೆಗಳಿಗೆ ಹೋಗಿಬರುವಾಗಲೇ ತಗುಲಿರಬೇಕೆಂದು ವೈದ್ಯರು ಊಹಿಸಿದರು. ಗೊತ್ತಾಗುವ ಹೊತ್ತಿಗೆ ಕೈಕಾಲುಗಳ ಸ್ವಾಧೀನ ತಪ್ಪುತ್ತಿತ್ತು. ಜುಲೈ 3, ಶುಕ್ರವಾರ. ಬಡವರ ಮನೆಗಳಿಗೆ ಹೋಗಬೇಕಾದ ದಿನ. ತಾನು ಹೋಗುವಂತಿರಲಿಲ್ಲ. ಸ್ವಾಧೀನ ತಪ್ಪಿದ ಬೆರಳುಗಳಿಂದಲೇ ಒಬ್ಬ ಗೆಳೆಯನಿಗೆ ಸೊಟ್ಟ ಅಕ್ಷರಗಳಲ್ಲಿ ಒಂದು ಚೀಟಿ ಬರೆದ. ರೋಗಿಯೊಬ್ಬನಿಗೆ ತಲುಪಿಸಬೇಕಾದ ಇಂಜೆಕ್ಷನ್ ಮದ್ದು ಇಲ್ಲಿದೆ; ಇನ್ನೊಬ್ಬರ ಗಿರವಿ ಚೀಟಿಯ ಅವಧಿ ಮುಗಿಯುತ್ತಿದೆ, ಮರೆತಿದ್ದೆ, ನನ್ನ ಲೆಕ್ಕದಲ್ಲಿ ಅದನ್ನು ನವೀಕರಿಸು ಎಂಬುದು ಅದರ ಸಾರಾಂಶ.

ಮರುದಿನ ಸಂಜೆ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ. ಶವಯಾತ್ರೆಗೆ ಪತ್ರಿಕೆಯವರು, ರಾಜಕಾರಣಿಗಳು ಬರುತ್ತಾರೆಂದು ಮನೆಯವರು ತಿಳಿದಿದ್ದರು. ಹೊರಗೆ ಬಂದು ನೋಡಿದರೆ ಬೀದಿಯ ಎರಡೂ ಬದಿಗಳಲ್ಲಿ ಸಾವಿರಾರು ಬಡವರು ನಿಂತಿದ್ದರು. ಅವರು ಯಾರೆಂದು ತಂದೆತಾಯಿಗೆ ತಿಳಿಯದು. ತಮ್ಮ ಮನೆಯ ಮೆಟ್ಟಿಲು ಹತ್ತಿ ಬರುತ್ತಿದ್ದ ಹುಡುಗ ಇಷ್ಟು ದೊಡ್ಡ ಮನೆಯ ಮಗನೆಂದು ಆ ಬಡವರಲ್ಲಿ ಎಷ್ಟೋ ಜನರಿಗೂ ಅಂದೇ ತಿಳಿದದ್ದು.