ಹಸ್ತಪ್ರತಿಯ ಮೊದಲ ಓದುಗ



ಕೆಲವು ವರ್ಷಗಳ ಹಿಂದೆ ಶಿಕ್ಷಕ ಮಿತ್ರರೊಬ್ಬರು ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ನನ್ನ ಕೈಗೆ ಕೊಟ್ಟು, "ಭಾಯಿ, ಓದಿ ಹೇಳಿ" ಎಂದರು. ನಾನು ಮೇಷ್ಟ್ರು ನೋಡಿ, ಕೆಂಪು ಪೆನ್ನು ಹಿಡಿದು ಕುಳಿತೆ. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ಎಂದು ನಲವತ್ತು ಪುಟ ತಿದ್ದಿದೆ. ಉಳಿದದ್ದನ್ನು ಓದದೆಯೇ "ಬಹಳ ಚೆನ್ನಾಗಿದೆ" ಎಂದು ಹಿಂತಿರುಗಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಕೊನೆಗೆ ಆ ಹುಡುಗಿ ಮನೆ ಬಿಟ್ಟು ಹೋದದ್ದು ನಿಮಗೆ ಸರಿ ಎನಿಸಿತೇ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಹಸ್ತಪ್ರತಿ ಮತ್ತೆ ಪೆಟ್ಟಿಗೆ ಸೇರಿತು. ಇಂದಿನ ಈ ಮಾತಿಗೆ ಅದೇ ಕಾರಣ.

ಉರ್ದು ಕಾವ್ಯದಲ್ಲಿ 'ಇಸ್ಲಾಹ್' ಎಂಬ ಹಳೆಯ ಪದ್ಧತಿಯಿದೆ. ಶಿಷ್ಯ ತನ್ನ ಗಜಲನ್ನು ಉಸ್ತಾದರಿಗೆ ತೋರಿಸುತ್ತಾನೆ, ಅವರು ಪದ ಬದಲಿಸಿ ತಿದ್ದಿಕೊಡುತ್ತಾರೆ. ಮಿರ್ಜಾ ಗಾಲಿಬ್ ಅಂಚೆಯ ಮೂಲಕವೂ ಶಿಷ್ಯರ ಪದ್ಯಗಳನ್ನು ತಿದ್ದುತ್ತಿದ್ದರು. ಎರಡು ಸಾಲಿನ ಷೇರ್‌ಗೆ ಅದು ಸರಿ. ಆದರೆ ಮುನ್ನೂರು ಪುಟದ ಕಾದಂಬರಿ ಬರೆದವರು ಮೊದಲು ಹುಡುಕುವುದು ಉಸ್ತಾದರನ್ನಲ್ಲ, ಓದುಗರನ್ನು. ಕಥೆಯೆಲ್ಲ ಅವರ ತಲೆಯಲ್ಲೇ ಇರುವುದರಿಂದ, ಕಾಗದದ ಮೇಲೆ ಎಷ್ಟು ಇಳಿದಿದೆ ಎಂಬುದು ಅವರಿಗೇ ಕಾಣುವುದಿಲ್ಲ. ಅದನ್ನು ನೋಡಿ ಹೇಳುವ ಎರಡು ಕಣ್ಣು ಅವರಿಗೆ ಬೇಕು.

ಹಾಗಾದರೆ ನೀವು ಏನು ಹೇಳಬೇಕು? ಮೊದಲನೆಯದಾಗಿ, ಕೊನೆಯ ಪುಟದವರೆಗೆ ಓದಿ. ಎಲ್ಲಿ ಬೇಸರವಾಗಿ ಪುಸ್ತಕ ಕೆಳಗಿಟ್ಟಿರಿ, ಎಲ್ಲಿ ನಿದ್ದೆಗೆಟ್ಟು ಓದಿದಿರಿ, ಯಾವ ಪಾತ್ರದ ನಡೆ ನಂಬಲಾಗಲಿಲ್ಲ, ಎಲ್ಲಿ 'ಇವನು ಯಾರು?' ಎಂದು ಹಿಂದಿನ ಪುಟ ತಿರುವಿದಿರಿ ಎಂಬುದನ್ನು ಪುಟಸಂಖ್ಯೆ ಸಹಿತ ಬರೆದುಕೊಡಿ. 'ಚೆನ್ನಾಗಿದೆ' ಎಂಬ ಒಂದೇ ಮಾತಿನಿಂದ ಲೇಖಕರಿಗೆ ಪ್ರಯೋಜನವಿಲ್ಲ. 'ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ' ಎಂಬ ಮಾತೂ ಬೇಡ. ನೋವು ಎಲ್ಲಿದೆ ಎಂದು ನೀವು ಹೇಳಿ, ಮದ್ದನ್ನು ಅವರೇ ಹುಡುಕಿಕೊಳ್ಳುತ್ತಾರೆ. ಕಾಗುಣಿತ ತಿದ್ದುವ ಕೆಲಸ ಕಡೆಗಿರಲಿ.

'ನಾವಿನ್ನೂ ಚಿಕ್ಕವರು, ನಮಗೇನು ಗೊತ್ತು?' ಎನ್ನಬೇಡಿ ವಿದ್ಯಾರ್ಥಿಗಳೇ. 1936ರಲ್ಲಿ ಇಂಗ್ಲೆಂಡಿನ ಟೋಲ್ಕಿನ್ ಅವರ 'ದಿ ಹಾಬಿಟ್' ಹಸ್ತಪ್ರತಿಯನ್ನು ಪ್ರಕಾಶಕರು ಹತ್ತು ವರ್ಷದ ತಮ್ಮ ಮಗ ರೇನರ್‌ಗೆ ಓದಲು ಕೊಟ್ಟರು. ಅವನಿಗೆ ಸಿಕ್ಕ ಸಂಭಾವನೆ ಒಂದು ಶಿಲ್ಲಿಂಗ್. ಕಥೆ ಏನು, ಯಾವ ವಯಸ್ಸಿನವರಿಗೆ ಹಿಡಿಸುತ್ತದೆ ಎಂದು ಅವನು ಪುಟ್ಟ ವರದಿ ಬರೆದುಕೊಟ್ಟ. ಮರುವರ್ಷ ಪುಸ್ತಕ ಹೊರಬಂತು.

ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಥೆಯನ್ನೂ ಕೇಳಿ. ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರ ಹಿಂದೊಬ್ಬರು ತಿರಸ್ಕರಿಸಿದಾಗ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಎಸೆಯಲಿಲ್ಲ, ಲೇಖಕ ಗ್ರಹಾಂ ಗ್ರೀನ್ ಅವರಿಗೆ ಓದಲು ಕೊಟ್ಟರು. ಗ್ರೀನ್ ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ಬಂದ ಆ ಪುಸ್ತಕವೇ 'ಸ್ವಾಮಿ ಅಂಡ್ ಫ್ರೆಂಡ್ಸ್'. ಮಾಲ್ಗುಡಿ ಉಳಿದದ್ದು ಹೀಗೆ.

ನಿಮ್ಮ ಗೆಳೆಯರೋ, ಗೆಳತಿಯರೋ ಬರೆದ ಹಾಳೆಗಳನ್ನು ನಾಚುತ್ತಾ ನಿಮ್ಮ ಕೈಗಿಟ್ಟರೆ, ಅದನ್ನೊಂದು ಅಮಾನತ್ತೆಂದು ತಿಳಿಯಿರಿ. ಸಮಯವಿಲ್ಲದಿದ್ದರೆ ಇಲ್ಲವೆಂದೇ ಹೇಳಿಬಿಡಿ. ಓದದೆ ಹೊಗಳಬೇಡಿ.

ಮೊನ್ನೆ ಆ ಮಿತ್ರರ ಮನೆಗೆ ಹೋಗಿ ಹಸ್ತಪ್ರತಿಯನ್ನು ಮತ್ತೊಮ್ಮೆ ಕೇಳಿದೆ. ಕೆಂಪು ಪೆನ್ನು ಒಯ್ದಿರಲಿಲ್ಲ. ಅವರು ಇನ್ನೂ ಕೊಟ್ಟಿಲ್ಲ. ಮತ್ತೆ ಹೋಗಿ ಕೇಳುತ್ತೇನೆ.