ಅನುಭವ ಪತ್ರವೂ ಒಂದು ಸಾಕ್ಷ್ಯ

ಸಹೋದರರೇ, ಸೌದಿಯಲ್ಲಿ ವರ್ಷಗಟ್ಟಲೆ ದುಡಿದು ಮರಳಿದ ನಮ್ಮ ಯುವಕರು ಇಲ್ಲಿ ಕೆಲಸ ಕೇಳಹೋದರೆ ಅನುಭವ ಪತ್ರ ಎಲ್ಲಿ ಎನ್ನುತ್ತಾರೆ. ಹಳೆಯ ಕಂಪೆನಿ ಮುಚ್ಚಿರುತ್ತದೆ, ಇಲ್ಲವೇ ಮಾಲಕರು ಫೋನೆತ್ತುವುದಿಲ್ಲ. ಆಗಲೂ ನಾವು ನಕಲಿ ಪತ್ರ ಮಾಡಿಸಬಾರದು. ಅದು ಸುಳ್ಳು ಸಾಕ್ಷ್ಯ. ಕೆಲಸದ ಕರಾರು, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸೋಣ. ಜೊತೆಗೆ ದುಡಿದ ಮೇಲ್ವಿಚಾರಕರಿಂದ ಪತ್ರ ಕೇಳೋಣ. ಊರಲ್ಲೇ ದುಡಿದವರಿಗೆ ಪಿ.ಎಫ್. ಪಾಸ್‌ಬುಕ್ಕೂ ಆಧಾರ.

ನಮ್ಮಲ್ಲೂ ಮಾಲಕರಿದ್ದೇವೆ. ಕಾರ್ಮಿಕ ಕೇಳಿದರೆ ಸೇವಾ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕೆಂದು ಸೌದಿ ಕಾರ್ಮಿಕ ಕಾನೂನಿನ 64ನೇ ವಿಧಿಯೇ ಹೇಳುತ್ತದೆ. ಸಾಕ್ಷ್ಯವನ್ನು ಬಚ್ಚಿಡುವುದನ್ನು ಅಲ್ ಬಕರ ಅಧ್ಯಾಯದ 283ನೇ ಸೂಕ್ತ ನಿಷೇಧಿಸಿದೆ. ಬಿಟ್ಟುಹೋದವನ ಮೇಲೆ ಕೋಪವಿದ್ದರೂ ಅವನು ದುಡಿದ ವರ್ಷಗಳನ್ನು ಇದ್ದಂತೆ ಬರೆದುಕೊಡೋಣ. ಅದು ಅವನ ಹಕ್ಕು, ನಮ್ಮ ಬಳಿಯಿರುವ ಅಮಾನತು.