ರಾತ್ರಿಯ ಮಸೂರ, ಹಗಲಿನ ನೋಟ



ಇಂದು ನಾನು ಮಾತನಾಡಲಿರುವುದು ಕಣ್ಣಿನ ಬಗ್ಗೆ. ಅದರಲ್ಲಿಯೂ ರಾತ್ರಿ ಕಣ್ಣಿಗೆ ಹಾಕಿಕೊಂಡು ಮಲಗಿ, ಮುಂಜಾನೆ ಎದ್ದು ತೆಗೆದಿಡುವ ಒಂದು ಬಗೆಯ ಮಸೂರದ ಬಗ್ಗೆ. ಇದನ್ನು ಹಾಕಿಕೊಂಡರೆ ಹಗಲು ಚಷ್ಮಾ ಬೇಕಿಲ್ಲ ಎಂಬ ಮಾತು ಮೊಬೈಲಿನ ಮೂಲಕ ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಗೂ ಬಂದು ಮುಟ್ಟಿದೆ. ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದ ಅರ್ಧವನ್ನು ಹೇಳೋಣವೆಂದು ಬಂದಿದ್ದೇನೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡಿ ನಿವೃತ್ತನಾದವನು. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಈ ಮಸೂರ ಇರುವುದು ಸಮೀಪದೃಷ್ಟಿ ಎಂಬ ದೋಷಕ್ಕೆ. ಹೆಸರೇ ಸ್ವಲ್ಪ ಗೊಂದಲದ್ದು. ಸಮೀಪದೃಷ್ಟಿ ಎಂದರೆ ಸಮೀಪದ್ದು ಸರಿಯಾಗಿ ಕಾಣುತ್ತದೆ, ದೂರದ್ದು ಮಬ್ಬು. ನಲವತ್ತು ದಾಟಿದ ಮೇಲೆ ಬರುವ ಚಾಳೀಸು ಬೇರೆ, ಅದರಲ್ಲಿ ಹತ್ತಿರದ್ದೇ ಕಾಣುವುದಿಲ್ಲ. ಕೌಂಟರಿನ ಹಿಂದೆ ಕುಳಿತವನಿಗೆ ಇವೆರಡರ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಪಾಸ್‌ಬುಕ್ಕನ್ನು ಕೈ ಚಾಚಿ ದೂರ ಹಿಡಿಯುವವರು ಚಾಳೀಸಿನವರು. ಮೂಗಿಗೆ ತಾಗಿಸಿ ಹಿಡಿಯುವವರು, ಗೋಡೆಯ ಗಡಿಯಾರದಲ್ಲಿ ಎಷ್ಟಾಯಿತೆಂದು ಪಕ್ಕದವರನ್ನು ಕೇಳುವವರು ಮೈನಸ್ ನಂಬರಿನವರು.

ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಮಕ್ಕಳು ಬೆಳೆದಂತೆ ಅದೂ ಬೆಳೆಯುತ್ತದೆ. ಕೆಲವು ಮಕ್ಕಳಲ್ಲಿ ಅಳತೆ ಮೀರಿ ಬೆಳೆಯುತ್ತದೆ. ಆಗ ದೂರದ ವಸ್ತುವಿನ ಬಿಂಬ ಒಳಗಿನ ಪರದೆಯ ಮೇಲೆ ಬೀಳದೆ, ಅದರ ಮುಂದೆಯೇ ಕೂಡಿಬಿಡುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಎರಡೂವರೆ, ಮೂರು ನಂಬರು ಬಂತೆಂದು ತಿಳಿಯಿರಿ.

ಇನ್ನು ಕಣ್ಣಿನ ಮುಂಭಾಗದಲ್ಲಿ, ಕೈಗಡಿಯಾರದ ಮೇಲಿನ ಗಾಜಿನಂತೆ, ಒಂದು ಪಾರದರ್ಶಕ ಪದರು ಇದೆ. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. 2006ರಲ್ಲಿ ಡಾ. ರಾಜಕುಮಾರ್ ತೀರಿಕೊಂಡಾಗ, 2021ರಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ ನೇತ್ರದಾನವಾದ ಸುದ್ದಿಯನ್ನು ಗಡಿಯ ಈಚೆಗಿನ ನಾವೂ ಕೇಳಿದ್ದೇವೆ. ಹಾಗೆ ದಾನವಾಗಿ ಇನ್ನೊಬ್ಬರ ಕಣ್ಣಿಗೆ ಜೋಡಿಸುವುದು ಇಡೀ ಗುಡ್ಡೆಯನ್ನಲ್ಲ, ಈ ಕಾರ್ನಿಯಾವನ್ನು. ಪುನೀತರ ಕಾರ್ನಿಯಾಗಳನ್ನು ಪದರು ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಜೋಡಿಸಿದರು. ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು. ಆದರೆ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಅದರದ್ದೇ. ಅದರಲ್ಲಿ ರಕ್ತನಾಳಗಳಿಲ್ಲ. ತನಗೆ ಬೇಕಾದ ಆಮ್ಲಜನಕವನ್ನು ಅದು ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ.

ರಾತ್ರಿಯ ಮಸೂರ ಕೆಲಸ ಮಾಡುವುದು ಈ ಕಾರ್ನಿಯಾದ ಮೇಲೆ. ಇದಕ್ಕೆ ಆರ್ಥೋಕೆರಟಾಲಜಿ ಎಂಬ ಉದ್ದನೆಯ ಹೆಸರಿದೆ, ಚುಟುಕಾಗಿ ಆರ್ಥೋ-ಕೆ. ಮಸೂರ ಗಟ್ಟಿಯಾದದ್ದು. ಅದರ ಒಳಮೈ ನಡುವೆ ಚಪ್ಪಟೆ, ಸುತ್ತಲೂ ಬಳೆಯಂತೆ ಸ್ವಲ್ಪ ಆಳ. ಮಸೂರಕ್ಕೂ ಕಣ್ಣಿಗೂ ನಡುವೆ ಕಣ್ಣೀರಿನ ತೆಳುವಾದ ಪದರು ನಿಂತಿರುತ್ತದೆ. ಆ ನೀರಿನ ಒತ್ತಡ ಮತ್ತು ಸೆಳೆತದಿಂದ ಕಾರ್ನಿಯಾದ ಮೇಲ್ಪೊರೆ ನಡುವೆ ತೆಳುವಾಗಿ ಸುತ್ತಲೂ ದಪ್ಪವಾಗುತ್ತದೆ. ನಮ್ಮ ತಾಯಂದಿರು ಜೋಳದ ರೊಟ್ಟಿ ಬಡಿಯುವಾಗ ನಡುವಿನ ಹಿಟ್ಟು ಅಂಚಿಗೆ ಸರಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಸರಿದ ದಪ್ಪ ತಲೆಗೂದಲಿನ ಒಂದೆಳೆಗಿಂತ ಕಡಿಮೆ. ಅಷ್ಟಕ್ಕೇ ಬಿಂಬ ಹಿಂದೆ ಸರಿದು ಪರದೆಯ ಮೇಲೆ ಕೂಡುತ್ತದೆ. ಒಂದು ವಾರ, ಹತ್ತು ದಿನದಲ್ಲಿ ದೂರದ ಬೋರ್ಡು ಬರಿಗಣ್ಣಿಗೆ ಕಾಣತೊಡಗುತ್ತದೆ.

1962ರಲ್ಲಿ ಅಮೆರಿಕದ ಜಾರ್ಜ್ ಜೆಸ್ಸನ್ ಎಂಬಾತ ಈ ದಾರಿಯನ್ನು ಮೊದಲು ತೋರಿಸಿದ. ಆಗಿನ ಮಸೂರಗಳೊಳಗಿಂದ ಗಾಳಿ ದಾಟುತ್ತಿರಲಿಲ್ಲ, ಆದ್ದರಿಂದ ಹಾಕಿಕೊಂಡು ಮಲಗುವಂತಿರಲಿಲ್ಲ. ಗಾಳಿ ದಾಟುವ ಪ್ಲಾಸ್ಟಿಕ್ ಬಂದ ಮೇಲೆ, 2002ರಲ್ಲಿ ಅಮೆರಿಕ ಸರಕಾರದ ಔಷಧ ಇಲಾಖೆ ರಾತ್ರಿ ಬಳಸಲು ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆ ಇದ್ದದ್ದು ಮೈನಸ್ ಆರರವರೆಗಿನ ನಂಬರಿಗೆ.

ಈಗ ಉಳಿದ ಅರ್ಧ ಮಾತು. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಕೇಳಿದಳು: “ಕಾಕಾ, ಹುಡುಗಿಗೆ ಚಷ್ಮಾ ಬಂದೈತಿ. ನಾಳೆ ನೋಡಾಕ ಬಂದವ್ರು ಏನಂದಾರು? ಆ ರಾತ್ರಿ ಮಸೂರ ಹಾಕಿಸಿದ್ರ ನಂಬರ ಹೋಗತೈತಂತ, ಖರೇ ಏನು?” ನಾನೆಂದೆ: “ಹೋಗೂದಿಲ್ಲ ತಂಗಿ. ಹಗಲೆಲ್ಲಾ ಮರ್ಯಾಗ ಕುಂತಿರತೈತಿ.” ಕಣ್ಣುಗುಡ್ಡೆಯ ಉದ್ದ ಕಡಿಮೆಯಾಗುವುದಿಲ್ಲ. ಮಸೂರ ಹಾಕುವುದನ್ನು ಬಿಟ್ಟರೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಕಾರ್ನಿಯಾ ಮೊದಲಿನ ಆಕಾರಕ್ಕೆ ಬಂದು ಹಳೆಯ ನಂಬರು ಹಾಜರಾಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಸಾಲ ತೀರಿದ್ದಲ್ಲ, ಪ್ರತಿ ರಾತ್ರಿ ನವೀಕರಣವಾಗುವ ಸಾಲ. ಸೈನ್ಯದ, ಪೊಲೀಸ್ ಭರ್ತಿಗೆ ಓಡುವ ನಮ್ಮ ಹುಡುಗರು ಇದನ್ನು ನೆನಪಿನಲ್ಲಿಡಬೇಕು. ಭರ್ತಿಯ ಜಾಹೀರಾತಿನಲ್ಲಿ ಕಣ್ಣಿನ ನಿಯಮವನ್ನು ಪೂರಾ ಓದದೆ ಇಂಥದಕ್ಕೆ ಹಣ ಸುರಿಯಬಾರದು.

ಈ ಸಾಲದ ಬಡ್ಡಿ ಸ್ವಚ್ಛತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಸೂರವನ್ನು ನೀರಿನಲ್ಲಿ ತೊಳೆಯುವಂತಿಲ್ಲ. ನಳದ ನೀರು, ಬೋರಿನ ನೀರು, ಟ್ಯಾಂಕರಿನ ನೀರು, ಫಿಲ್ಟರ್ ನೀರು, ಕುದಿಸಿ ಆರಿಸಿದ ನೀರು, ಯಾವುದೂ ಬೇಡ. ಕುಡಿಯಲು ಚೊಕ್ಕವಾದ ನೀರಿನಲ್ಲಿಯೂ ಅಕಾಂತಮೀಬಾ ಎಂಬ ಸೂಕ್ಷ್ಮ ಜೀವಿ ಇರಬಹುದು. ಅದು ಹೊಟ್ಟೆಗೆ ಹೋದರೆ ಏನೂ ಆಗದು, ಮಸೂರದ ಅಡಿಯಲ್ಲಿ ಸೇರಿದರೆ ಕಾರ್ನಿಯಾವನ್ನು ತಿನ್ನುತ್ತದೆ. ಮಸೂರಕ್ಕೆಂದೇ ಬರುವ ದ್ರಾವಣವನ್ನಷ್ಟೇ ಬಳಸಬೇಕು, ದಿನಾ ಹೊಸದನ್ನು ಹಾಕಬೇಕು. ಕೈಯನ್ನು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿಯೇ ಮುಟ್ಟಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ, ಗಾಳಿಗೆ ಹೊಲದ ಧೂಳೆಲ್ಲ ಮನೆಗೆ ಬರುವ ಊರಿನಲ್ಲಿ, ದಿನಕ್ಕೆರಡು ಸಲ, ವರ್ಷವಿಡೀ, ತಪ್ಪದೆ ಇದನ್ನು ಮಾಡಬೇಕು. ಮಾಡುವವರಿದ್ದಾರೆ, ಇಲ್ಲವೆನ್ನಲಾರೆ.

ಮಾಡದಿದ್ದರೆ? 2001ರ ಹೊತ್ತಿಗೆ ಚೀನಾ ದೇಶದಲ್ಲಿ ಈ ಮಸೂರ ಹಾಕಿಕೊಂಡ ಹಲವು ಮಕ್ಕಳ ಕಾರ್ನಿಯಾದಲ್ಲಿ ಹುಣ್ಣಾಗಿ ದೃಷ್ಟಿ ಕೆಟ್ಟದ್ದು ದೊಡ್ಡ ಸುದ್ದಿಯಾಯಿತು. ಮುಂದೆ 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಲೆಕ್ಕದ ಪ್ರಕಾರ, ಹತ್ತು ಸಾವಿರ ಮಕ್ಕಳು ಒಂದು ವರ್ಷ ಬಳಸಿದರೆ ಸುಮಾರು 14 ಮಕ್ಕಳಿಗೆ ಇಂಥ ಸೋಂಕು. ಸಂಖ್ಯೆ ಚಿಕ್ಕದೇ. ಆದರೆ ಅದು ವೈದ್ಯರ ಕಣ್ಣಳತೆಯಲ್ಲಿದ್ದ ಮಕ್ಕಳ ಲೆಕ್ಕ. ಕಣ್ಣು ಕೆಂಪಾಯಿತು, ನೋಯುತ್ತದೆ, ಬೆಳಕು ಚುಚ್ಚುತ್ತದೆ ಎಂದರೆ ಆ ಕ್ಷಣ ಮಸೂರ ತೆಗೆದು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಓಡಬೇಕು. ಎಲೆಯ ರಸ, ಎದೆಹಾಲು, ಔಷಧದ ಅಂಗಡಿಯಲ್ಲಿ ಹೇಳದೆ ಕೇಳದೆ ಕೊಡುವ ಸ್ಟಿರಾಯ್ಡ್ ಹನಿ, ಇವುಗಳಲ್ಲಿ ಎರಡು ದಿನ ಕಳೆದರೆ ಕಣ್ಣೇ ಹೋಗಬಹುದು. ಮಸೂರ ಕೂರಿಸಿದ ಮೇಲೆ ತಪಾಸಣೆಗೂ ಮೇಲಿಂದ ಮೇಲೆ ಹೋಗಬೇಕು. ಖರ್ಚು ಸಾದಾ ಚಷ್ಮಾದ ಹತ್ತಾರು ಪಟ್ಟು.

ಹಾಗಾದರೆ ಇದರಿಂದ ಲಾಭ ಚಷ್ಮಾ ತಪ್ಪುವುದಷ್ಟೇ ಏನು? ಅಲ್ಲ. ಹಾಂಗ್‌ಕಾಂಗಿನಲ್ಲಿ ನಡೆದು 2012ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಚಷ್ಮಾ ಹಾಕಿದ ಮಕ್ಕಳ ಕಣ್ಣು 0.63 ಮಿಲಿಮೀಟರ್ ಉದ್ದವಾದರೆ, ರಾತ್ರಿ ಮಸೂರ ಹಾಕಿದವರದು 0.36 ಮಾತ್ರ. ನಂಬರು ಏರುವ ಓಟ ತಗ್ಗಿತು. ಇದು ದೊಡ್ಡ ಮಾತು, ಏಕೆಂದರೆ ನಂಬರು ಬಹಳ ಏರಿದವರಿಗೆ ಮುಂದೆ ಒಳಪರದೆ ಹರಿಯುವ ಭಯವಿರುತ್ತದೆ. ಇದೇ ಕೆಲಸಕ್ಕೆ ಅಟ್ರೋಪಿನ್ ಎಂಬ ಔಷಧದ ತೀರ ಸಣ್ಣ ಪ್ರಮಾಣದ ಹನಿಗಳನ್ನೂ ವೈದ್ಯರು ಕೊಡುತ್ತಾರೆ. ವರ್ಷಕ್ಕೆ ಒಂದು ನಂಬರಿನಂತೆ ಏರುತ್ತಿರುವ ಮಗುವಿನ ತಂದೆತಾಯಿಗಳು ಈ ಎರಡನ್ನೂ ವೈದ್ಯರಲ್ಲಿ ವಿಚಾರಿಸಬೇಕು. ನೋಡಲು ಬರುವವರ ಸಲುವಾಗಿ ಮಾತ್ರ ಬೇಡ. ಚಷ್ಮಾ ಇದ್ದ ಹುಡುಗಿಯನ್ನು ಒಲ್ಲೆನೆನ್ನುವ ಮನೆಗೆ ಹೆಣ್ಣು ಕೊಡುವುದೇಕೆ ಎಂಬುದು ನನ್ನ ಅಭಿಪ್ರಾಯ.

ದುಡ್ಡು ಬೇಡದ ಔಷಧವೂ ಒಂದಿದೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಆರು-ಏಳು ವರ್ಷದ ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನೋಡಿದರು. ಫಲಿತಾಂಶ ಬಂದದ್ದು 2015ರಲ್ಲಿ. ಬಿಡದ ಶಾಲೆಗಳಲ್ಲಿ ಮೂರು ವರ್ಷದಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು, ಬಿಟ್ಟ ಶಾಲೆಗಳಲ್ಲಿ 30. ಬಿಸಿಲು ನಮ್ಮ ಜತ್ತದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಸಿಗುವ ಪದಾರ್ಥ. ಆದರೆ ಕೊರೊನಾ ಕಾಲದಿಂದ ಮಕ್ಕಳು ಮೊಬೈಲು ಹಿಡಿದು ಮೂಲೆ ಸೇರಿದ್ದಾರೆ.

ಗಡಿಯ ಶಾಲೆಗಳ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನಮ್ಮ ಮಕ್ಕಳು ಎರಡು ಲಿಪಿ ಕಲಿಯುತ್ತಾರೆ. ಮಬ್ಬು ಕಣ್ಣಿಗೆ ಹಲಗೆಯ ಮೇಲಿನ ಕನ್ನಡದ ಪ, ವ ಒಂದೇ. ಮರಾಠಿಯ ಘ, ಧ ಒಂದೇ. ಭ, ಮ ಒಂದೇ. ಮಗು ತಪ್ಪು ಬರೆದರೆ ಗುರುಗಳು, ಎರಡು ಭಾಷೆ ಕಲೆಸಿಹೋಗಿವೆ ಎನ್ನುತ್ತಾರೆ. ಮನೆಯವರು, ಕನ್ನಡ ಶಾಲೆ ಬಿಡಿಸಿ ಬೇರೆ ಕಡೆ ಹಾಕೋಣ ಎನ್ನುತ್ತಾರೆ. ಭಾಷೆಯ ಮೇಲೆ ಹೊರಿಸಿದ ಆ ತಪ್ಪು ಕಣ್ಣಿನದಿರಬಹುದು. ಪಕ್ಕದವನ ವಹಿ ನೋಡಿ ಬರೆಯುವ, ಕಣ್ಣು ಕಿರಿದು ಮಾಡಿ ನೋಡುವ, ಟಿವಿಯ ಮುಂದೆಯೇ ಹೋಗಿ ಕೂರುವ ಮಗುವನ್ನು ಬೈಯುವ ಮೊದಲು ಪರೀಕ್ಷೆ ಮಾಡಿಸಿರಿ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಶಾಲೆಗಳಿಗೂ ಅಂಗನವಾಡಿಗಳಿಗೂ ಬರುತ್ತವೆ, ಅವರ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ. ಅವರು ಬಂದ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳಿಗೆ ಪುಕ್ಕಟೆ ಚಷ್ಮಾ ಕೊಡುವ ವ್ಯವಸ್ಥೆಯೂ ಇದೆ, ಶಾಲೆಯಲ್ಲಿ ಕೇಳಿರಿ. ಮನೆಯಲ್ಲಿಯೂ ಒಂದು ಸುಲಭದ ನೋಟವಿದೆ. ಗೋಡೆಯ ಕ್ಯಾಲೆಂಡರಿನಿಂದ ಹತ್ತು ಹೆಜ್ಜೆ ದೂರ ಮಗುವನ್ನು ನಿಲ್ಲಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ದಪ್ಪ ಅಂಕಿಗಳನ್ನು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡನ್ನೂ ಕೂಡಿಸಿ ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿಗೆ ಜಾಮೀನು ನಿಂತುಬಿಡುತ್ತದೆ, ದೋಷ ಗೊತ್ತಾಗುವುದೇ ಇಲ್ಲ. ಸರಿಯಾದ ಕಣ್ಣಿನವರು ಅಲ್ಲಿಯೇ ನಿಂತು ಓದಬಲ್ಲ ಅಂಕಿಯನ್ನು ಮಗು ಓದದಿದ್ದರೆ, ಮುಂದಿನ ಸಂತೆಯ ದಿನ ಕಣ್ಣಿನ ವೈದ್ಯರಲ್ಲಿಗೆ ಹೊರಡಿರಿ.